ಓಟಿ ಬಿಟ್ಟು ಬಂದವರು

ಪೀಣ್ಯದ ಕಬಡ್ಡಿ ನೋಡಬೇಕೆಂದರೆ ನವೆಂಬರಿನಲ್ಲಿ ಹೋಗಬೇಕು. ರಾಜ್ಯೋತ್ಸವದ ಲೆಕ್ಕದಲ್ಲಿ ಆ ತಿಂಗಳ ಅಷ್ಟೂ ಭಾನುವಾರ ಎಲ್ಲಾದರೂ ಒಂದು ಕಡೆ ಅಂಕಣ ಬಿದ್ದೇ ಇರುತ್ತದೆ. ಹೆಗ್ಗನಹಳ್ಳಿಯಲ್ಲೋ, ಲಗ್ಗೆರೆಯಲ್ಲೋ, ರಾಜಗೋಪಾಲನಗರದಲ್ಲೋ, ಚೊಕ್ಕಸಂದ್ರದಲ್ಲೋ. ಲೈಟು ಕಂಬಕ್ಕೆ ಕೆಂಪು ಹಳದಿ ಬಾವುಟ, ರಸ್ತೆ ತಿರುವಿನಲ್ಲಿ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ ಎಂಬ ಫ್ಲೆಕ್ಸು, ಅದರ ಕೆಳಗೆ ಪ್ರಥಮ ಬಹುಮಾನ, ದ್ವಿತೀಯ ಬಹುಮಾನ, ಆಕರ್ಷಕ ಟ್ರೋಫಿ, ಬೆಸ್ಟ್ ರೈಡರ್, ಬೆಸ್ಟ್ ಕ್ಯಾಚರ್. ಇನ್ನೂ ಕೆಳಗೆ ಪ್ರವೇಶ ಶುಲ್ಕ. ಆಡುವವರು ಯಾರೆಂದು ಫ್ಲೆಕ್ಸಿನಲ್ಲಿ ಇರುವುದಿಲ್ಲ. ವಾರವೆಲ್ಲ ಲೇತು, ಗ್ರೈಂಡಿಂಗು, ಪ್ಲೇಟಿಂಗು, ಗಾರ್ಮೆಂಟ್ಸು ಎಂದು ದುಡಿದು, ಸಿಗುವ ಒಂದೇ ರಜೆಯ ದಿನ ಮಂಡಿ ಮೊಣಕೈ ತರಚಿಸಿಕೊಳ್ಳಲು ಬರುವ ಹುಡುಗರು ಅವರು.

ನಾನು ಮನಸ್ಸಿಟ್ಟು ನೋಡಿದ್ದು 2015ರ ನವೆಂಬರಿನ ಒಂದು ಭಾನುವಾರ. ಆಗ ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಚಿಕ್ಕಪ್ಪ ಶನಿವಾರ ರಾತ್ರಿ ಫೋನ್ ಮಾಡಿ, “ನಾಳೆ ಬಾ ಮಗಾ. ಟಿವೀಲಿ ನೋಡಿದ್ದು ಸಾಕು, ಮಣ್ಣಾಗೆ ನೋಡು” ಎಂದಿದ್ದರು. ಅವರು ಪೀಣ್ಯ ಎರಡನೇ ಹಂತದ ಒಂದು ಮಷಿನ್ ಶಾಪಿನಲ್ಲಿ ಟರ್ನರ್. ಐಟಿಐ ಮುಗಿಸಿ ಕುಣಿಗಲ್ ಕಡೆಯ ನಮ್ಮೂರಿನಿಂದ ಬಂದು ಅಲ್ಲೇ ನೆಲೆಯಾದವರು, ವಯಸ್ಸಿನಲ್ಲಿ ಒಳ್ಳೆಯ ಕ್ಯಾಚರ್ ಆಗಿದ್ದವರು. ಬೆಳಗ್ಗೆ ಬಸ್ಸಿನಲ್ಲಿ ಮೆಜೆಸ್ಟಿಕ್ಕಿಗೆ ಬಂದು, ಸಂಪಿಗೆ ರಸ್ತೆಯಲ್ಲಿ ಮೆಟ್ರೊ ಹತ್ತಿದೆ. ಸಂಪಿಗೆ ರಸ್ತೆಯಿಂದ ನಾಗಸಂದ್ರದ ತನಕ ಮೆಟ್ರೊ ಓಡಲು ಶುರುವಾಗಿ ಆಗಿನ್ನೂ ಆರೇ ತಿಂಗಳು. ಗೊರಗುಂಟೆಪಾಳ್ಯ ದಾಟಿದ ಮೇಲೆ ಎರಡೂ ಕಡೆ ಕಲ್ನಾರು ಶೀಟಿನ ಮಾಡುಗಳು, ನೀರಿನ ಟ್ಯಾಂಕುಗಳು, ಹೊಗೆ ಕೊಳವೆಗಳು. ಜಾಲಹಳ್ಳಿ ನಿಲ್ದಾಣದ ಕೆಳಗೆ ಚಿಕ್ಕಪ್ಪ ಟಿವಿಎಸ್ ಎಕ್ಸೆಲ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಆ ತಿಂಗಳು ಮಳೆ ಬಿಡದೆ ಹೊಡೆದಿತ್ತು. ಆವತ್ತು ಮಾತ್ರ ಹೊಳವಾಗಿತ್ತು.

ನಾವು ಹೋದಾಗ ಅಂಕಣದ ಮೇಲಿನ ಟಾರ್ಪಾಲು ಆಗತಾನೇ ಎತ್ತಿದ್ದರು. ಕೆಮ್ಮಣ್ಣು ಹದವಾಗಿರಲಿಲ್ಲ, ಹಿಡಿದರೆ ಮುದ್ದೆ ಕಟ್ಟುತ್ತಿತ್ತು. ಮರದ ಮಿಲ್ಲಿನಿಂದ ಮೂಟೆಗಟ್ಟಲೆ ಹೊಟ್ಟು ತಂದು ಎರಚಿ, ಗುದ್ದಲಿಯಲ್ಲಿ ಕೆದಕಿ, ಮತ್ತೆ ತುಳಿದು ಸಮ ಮಾಡುತ್ತಿದ್ದರು. ಒಬ್ಬ ಹುಡುಗ ದೊಡ್ಡ ಸ್ಪೀಕರಿನ ಅಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿಕೊಂಡು ಅಂಕಣದ ಉದ್ದಗಲಕ್ಕೂ ನಿಧಾನವಾಗಿ ಎಳೆಯುತ್ತಿದ್ದ. ಒಂದು ಸುತ್ತು ಮುಗಿಸಿ ಎತ್ತಿದರೆ ಅದಕ್ಕೆ ಕಬ್ಬಿಣದ ಸುರುಳಿ ಚೂರು, ತುಕ್ಕು ಹಿಡಿದ ಮೊಳೆ, ವಾಷರು ಎಲ್ಲ ಅಂಟಿಕೊಂಡಿದ್ದವು. ಅಲ್ಲಿಯ ಮಣ್ಣಿನಲ್ಲಿ ಲೇತಿನಿಂದ ಬಿದ್ದ ಚೂರು ಇಲ್ಲದ ಜಾಗವೇ ಇಲ್ಲ. ಬರಿಗಾಲಿನಲ್ಲಿ ಆಡುವವರಿಗೆ ಅದು ಚಾಕುವಿದ್ದಂತೆ. ಗುಜರಿ ಅಂಗಡಿಯಿಂದ ತಂದಿಟ್ಟ ತೂಕದ ಯಂತ್ರದ ಮುಂದೆ 60 ಕೆ.ಜಿ. ವಿಭಾಗದ ಹುಡುಗರು ಚಡ್ಡಿಯಲ್ಲಿ ಸಾಲಾಗಿ ನಿಂತಿದ್ದರು. ಅರ್ಧ ಕೆ.ಜಿ. ಹೆಚ್ಚು ತೂಗಿದವನೊಬ್ಬ ಬೆವರಿಳಿಸಲು ಮೈದಾನದ ಸುತ್ತ ಓಡುತ್ತಿದ್ದ.

ಸುಣ್ಣದ ಪುಡಿಯಲ್ಲಿ ಗೆರೆ ಎಳೆದಾಗ ನನಗೆ ಮೊದಲು ಅನಿಸಿದ್ದು ಅಂಕಣ ಇಷ್ಟು ಚಿಕ್ಕದೇ ಎಂದು. 13 ಮೀಟರ್ ಉದ್ದ, 10 ಮೀಟರ್ ಅಗಲ. ನಡುಗೆರೆಯಿಂದ ಹಿಂದಿನ ಗೆರೆಗೆ ಆರೂವರೆ ಮೀಟರು. ಅಷ್ಟರೊಳಗೆ ಏಳು ಜನ ಕೈಕೈ ಹಿಡಿದು ನಿಂತಿರುತ್ತಾರೆ, ಒಬ್ಬ ಒಳಗೆ ಹೋಗಿ ಮುಟ್ಟಿ ವಾಪಸು ಬರಬೇಕು. ಟಿವಿಯಲ್ಲಿ ಕ್ಯಾಮೆರಾ ಮೇಲಿನಿಂದ ತೋರಿಸುತ್ತದೆ, ಎಲ್ಲ ಬಿಡಿಬಿಡಿಯಾಗಿ ಕಾಣುತ್ತದೆ. ಗೆರೆಯಂಚಿನಲ್ಲಿ ಕೂತು ನೋಡಿದರೆ ಮೊದಲು ಬರುವುದು ಸದ್ದು. ಹಿಮ್ಮಡಿ ಮಣ್ಣಿಗೆ ಬಡಿಯುವ ಸದ್ದು, ಏಳು ಜನರ ಉಸಿರು, ಎದೆಗೆ ಎದೆ ತಾಗಿದ ಸದ್ದು. ರೈಡರನ ಬಾಯಲ್ಲಿ ಕಬಡ್ಡಿ ಕಬಡ್ಡಿ ಬಿಡದೆ ನಡೆದಿರುತ್ತದೆ. ಬಾಕ್ ಲೈನು ದಾಟುತ್ತಿದ್ದಂತೆ ಆ ದನಿ ಗಟ್ಟಿಯಾಗುವುದೂ, ಯಾರಾದರೂ ತೊಡೆಗೆ ಕೈ ಹಾಕಿದಾಗ ಅದೇ ದನಿ ಗಂಟಲಲ್ಲೇ ನಲುಗುವುದೂ ಕೂತಲ್ಲಿಗೆ ಕೇಳಿಸುತ್ತದೆ.

“ಕಾಲು ನೋಡು ಮಗಾ” ಎಂದರು ಚಿಕ್ಕಪ್ಪ. “ಕೈಯ ಎಲ್ರೂ ನೋಡ್ತರೆ. ಕ್ಯಾಚರ್ ಆದೋನು ಕಣ್ಣು ತೆಗೀದೆ ರೈಡರ್ ಪಾದಾನೇ ನೋಡ್ತಿರ್ಬೇಕು. ತೂಕ ಯಾವ ಕಾಲ್ ಮ್ಯಾಲೈತೆ, ಯಾವ್ದನ್ನ ಎತ್ತಾಕೆ ಹೊಂಟವ್ನೆ. ಎತ್ತೋ ಮುಂಚೆನೇ ಹಿಡೀಬೇಕು.”

ಆ ವರ್ಷ ಆಗಸ್ಟಿನಲ್ಲಷ್ಟೇ ಪ್ರೊ ಕಬಡ್ಡಿ ಎರಡನೇ ಆವೃತ್ತಿಯ ಫೈನಲಿನಲ್ಲಿ ಬೆಂಗಳೂರು ಬುಲ್ಸ್ ತಂಡ ಯು ಮುಂಬಾಗೆ 36–30ರಲ್ಲಿ ಸೋತಿತ್ತು. ಆ ನೋವು ಮೈದಾನದಲ್ಲಿ ಇನ್ನೂ ಹಸಿಯಾಗಿತ್ತು. ಪುಟ್ಟ ಮಕ್ಕಳೂ ಸೂಪರ್ ಟ್ಯಾಕಲ್, ಡೂ ಆರ್ ಡೈ ಎಂದು ಕೂಗುತ್ತಿದ್ದರು. ಮೂರೇ ಜನ ಉಳಿದಾಗ ರೈಡರನನ್ನು ಹಿಡಿದರೆ ಒಂದು ಅಂಕ ಹೆಚ್ಚು ಎನ್ನುವುದು ಅಲ್ಲಿ ನೆರೆದ ಹೆಂಗಸರಿಗೂ ಗೊತ್ತಿತ್ತು. ತಲೆತಲಾಂತರದಿಂದ ಹಳ್ಳಿಯಲ್ಲಿ ಆಡಿಕೊಂಡು ಬಂದ ಆಟ ಟಿವಿಗೆ ಹೋಗಿ ಬಂದ ಮೇಲೆ ನೋಡುವವರ ಕಣ್ಣು ಚುರುಕಾಗಿತ್ತು. ಇದನ್ನು ನಾನು ಲಾಭವೆಂದೇ ಎಣಿಸುತ್ತೇನೆ.

ಮಧ್ಯಾಹ್ನದ ಮೊದಲು ಹುಡುಗಿಯರದ್ದೊಂದು ಪ್ರದರ್ಶನ ಪಂದ್ಯವಿತ್ತು. ಮೈಕಿನವನು 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸಿನ ಕತೆ ಎತ್ತಿದ. ಹೆಂಗಸರ ಕಬಡ್ಡಿಯನ್ನು ಏಷ್ಯನ್ ಗೇಮ್ಸಿಗೆ ಸೇರಿಸಿದ್ದು ಅದೇ ಮೊದಲು, ಮೊದಲ ಸಲವೇ ಭಾರತಕ್ಕೆ ಚಿನ್ನ. ಆ ತಂಡದಲ್ಲಿ ಬೆಂಗಳೂರಿನ ತೇಜಸ್ವಿನಿ ಬಾಯಿ ಇದ್ದರು, ಕಾರ್ಕಳ ಕಡೆಯ ಮಮತಾ ಪೂಜಾರಿ ಇದ್ದರು. ತೇಜಸ್ವಿನಿಯವರಿಗೆ 2011ರಲ್ಲಿ, ಮಮತಾ ಅವರಿಗೆ 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಆ ಹೆಸರುಗಳು ಮೈಕಿನಲ್ಲಿ ಬಂದಾಗ ಅಂಕಣದ ಹುಡುಗಿಯರು ಒಮ್ಮೆ ಬೆನ್ನು ನೆಟ್ಟಗೆ ಮಾಡಿಕೊಂಡರು. ಅವರಲ್ಲಿ ಹಲವರು ಗಾರ್ಮೆಂಟ್ಸಿನವರು, ದಿನವಿಡೀ ಮಷಿನ್ನಿನ ಮೇಲೆ ಬಗ್ಗಿ ಕೂರುವವರು. ಬಲಗಡೆಯ ಕಾರ್ನರಿನಲ್ಲಿ ನಿಂತಿದ್ದ ಹುಡುಗಿ ತನಗಿಂತ ಗೇಣುದ್ದ ಎತ್ತರದ ರೈಡರಳನ್ನು ಸೊಂಟಕ್ಕೆ ಕೈ ಹಾಕಿ ಗೆರೆಯಾಚೆ ತಳ್ಳಿದ್ದು ಇವತ್ತಿಗೂ ನನ್ನ ಕಣ್ಣಿನಲ್ಲಿದೆ.

ಚಿತ್ರಾನ್ನ ತಿನ್ನುತ್ತಾ ಚಿಕ್ಕಪ್ಪ ಆಟಗಾರರ ಕೆಲಸದ ವಿವರ ಹೇಳುತ್ತಾ ಹೋದರು. ಅವನು ಸಿಎನ್‌ಸಿ, ಇವನು ಪೌಡರ್ ಕೋಟಿಂಗು, ಆ ಉದ್ದನೆಯವನು ಪೇಂಟ್ ಗೋಡೌನು. ನಿನ್ನೆ ನೈಟ್ ಶಿಫ್ಟ್ ಮುಗಿಸಿ ನೇರವಾಗಿ ಬಂದವನೊಬ್ಬ ಶಾಮಿಯಾನದ ಮೂಲೆಯಲ್ಲಿ ಬ್ಯಾಗು ತಲೆಗಿಟ್ಟು ಮಲಗಿದ್ದ. ಭಾನುವಾರ ಎಲ್ಲರಿಗೂ ರಜೆ ಎಂದೇ ನಾನು ತಿಳಿದಿದ್ದೆ. ಹಾಗಲ್ಲ. ಆರ್ಡರು ಇದ್ದ ವಾರ ಭಾನುವಾರವೂ ಓಟಿ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ವಾರಕ್ಕೊಂದು ರಜೆ ಕೊಡಬೇಕಿತ್ತು, ವಾರದಲ್ಲಿ 48 ಗಂಟೆ ಮೀರಿದ ದುಡಿಮೆಗೆ ಎರಡರಷ್ಟು ಕೂಲಿ ಕೊಡಬೇಕಿತ್ತು. ಸಣ್ಣ ಶೆಡ್ಡುಗಳಲ್ಲಿ ಅದು ಸಿಕ್ಕರೆ ಸಿಕ್ಕಿತು. ಸಿಗಲಿ ಬಿಡಲಿ, ಮನೆಗೆ ದುಡ್ಡು ಕಳಿಸಬೇಕಾದ ಹುಡುಗನಿಗೆ ಓಟಿ ಬಿಡುವುದು ಸುಲಭವಲ್ಲ. ಕಬಡ್ಡಿ ಆಡುತ್ತೇನೆಂದು ಬಿಟ್ಟರೆ ಆ ದಿನದ ಕೂಲಿಯೂ ಹೋಗುತ್ತದೆ, ಸೂಪರ್‌ವೈಸರನ ಮುಖವೂ ಕೆಡುತ್ತದೆ.

ನಮ್ಮ ರಾಜಗೋಪಾಲನಗರದ ಹುಡುಗರ ತಂಡಕ್ಕೆ ಆವತ್ತು ಇದೇ ಕಷ್ಟ ಬಂದಿತ್ತು. ಅವರ ಎಡ ಕಾರ್ನರು ಪವರ್ ಪ್ರೆಸ್ ಆಪರೇಟರು, ಶಿರಾ ಕಡೆಯ ಹುಡುಗ, ಕಾಂಟ್ರಾಕ್ಟಿನಲ್ಲಿ ಹೊಸದಾಗಿ ಸೇರಿದವನು. ಆವತ್ತು ಅವನಿಗೆ ಓಟಿ. ಸೆಮಿಫೈನಲ್ ಶುರುವಾದರೂ ಅವನ ಸುಳಿವಿಲ್ಲ. ಎದುರು ಮಾಗಡಿ ರಸ್ತೆಯ ಕಡೆಯ ತಂಡ, ಅವರ ರೈಡರು ಎಡಗಡೆಯೇ ನುಗ್ಗಿ ನುಗ್ಗಿ ಬೋನಸ್ಸೂ ಟಚ್ಚೂ ಎರಡನ್ನೂ ಎತ್ತಿಕೊಂಡು ಹೋಗುತ್ತಿದ್ದ. ಮೊದಲರ್ಧದಲ್ಲಿ ಒಂದು ಲೋನಾ ಬಿತ್ತು. ಏಳೂ ಜನ ಔಟಾಗಿ ಅಂಕಣ ಖಾಲಿಯಾದ ಮೇಲೆ ಬರುವ ಆ ಎರಡು ಅಂಕಗಳಿಗಿಂತ, ಎಲ್ಲರೂ ಒಟ್ಟಿಗೆ ತಲೆ ತಗ್ಗಿಸಿ ಮತ್ತೆ ಒಳಗೆ ಬರುವುದೇ ನೋಡುವವರಿಗೆ ಸಂಕಟ.

ವಿರಾಮದ ಹೊತ್ತಿಗೆ ಅವನು ಬಂದ. ನೀಲಿ ಯೂನಿಫಾರಮ್ಮಿನಲ್ಲೇ ಸೈಕಲ್ ತುಳಿದುಕೊಂಡು ಬಂದಿದ್ದ. ಕೈಯೆಲ್ಲ ಎಣ್ಣೆ. ಎಣ್ಣೆ ಕೈಯಲ್ಲಿ ಅಂಕಣಕ್ಕೆ ಇಳಿಯುವ ಹಾಗಿಲ್ಲ, ಎದುರಾಳಿಯ ಮೈಗೆ ಹತ್ತಿದರೆ ಹಿಡಿತ ಜಾರುತ್ತದೆ. ಅಂಪೈರು ಅವನ ಎರಡೂ ಅಂಗೈ ತಿರುಗಿಸಿ ನೋಡಿ, ತೊಳೆದುಕೊಂಡು ಬಾ ಎಂದರು. ಚಿಕ್ಕಪ್ಪ ಎದ್ದು ಹೋಗಿ ಒಂದು ಹಿಡಿ ಮರದ ಹೊಟ್ಟು, ಬಟ್ಟೆ ಸೋಪಿನ ಚೂರು ಕೊಟ್ಟರು. ಕಾರ್ಖಾನೆಯಲ್ಲಿ ಗ್ರೀಸು ಬಿಡಿಸಲು ಎಲ್ಲರೂ ಮಾಡುವುದು ಅದನ್ನೇ. ಇಬ್ಬರೂ ಕುಕ್ಕರುಗಾಲಿನಲ್ಲಿ ಕೂತು, ಒಬ್ಬರು ನೀರು ಹಾಕಿ ಇನ್ನೊಬ್ಬ ಉಜ್ಜಿ, ಕೈ ಹೊಳೆಯುವ ತನಕ ತೊಳೆದರು.

ಆಮೇಲೆ ಆಟವೇ ಬೇರೆಯಾಯಿತು. ಅದೇ ರೈಡರು ಮತ್ತೆ ಎಡಕ್ಕೆ ಬಂದ, ಬೋನಸ್ ಗೆರೆಗೆಂದು ಕಾಲು ಚಾಚಿದ. ಹುಡುಗ ಆ ಪಾದ ಇಳಿಯುವ ಮೊದಲೇ ನೆಲಕ್ಕೆ ಬಿದ್ದು ಹಿಮ್ಮಡಿ ಹಿಡಿದಿದ್ದ. ಹಿಡಿದ ಮೇಲೆ ಎದ್ದೇಳಲು ಹೋಗಲಿಲ್ಲ. ಕಣ್ಣು ಮುಚ್ಚಿ, ಗಲ್ಲವನ್ನು ಮಣ್ಣಿಗೆ ಒತ್ತಿ ಹಾಗೇ ಉಳಿದ. ಕವರಿನವನು ಬಂದು ಸೊಂಟಕ್ಕೆ ಬೀಳುವ ತನಕ ಆ ಒಂದು ಕಾಲನ್ನು ಬಿಡದಿರುವುದಷ್ಟೇ ಅವನ ಪಾಲಿನ ಕೆಲಸ. ಸೆಮಿಫೈನಲ್ ನಮ್ಮವರಿಗೆ ಬಂತು.

ಫೈನಲು ನಡೆದದ್ದು ರಾತ್ರಿ, ಹ್ಯಾಲೊಜನ್ ಲೈಟಿನಲ್ಲಿ. ಎದುರಿಗೆ ನೆಲಮಂಗಲದ ಕಡೆಯ ತಂಡ. ಮೈಕಿನವನು ಅರ್ಜುನ ಪ್ರಶಸ್ತಿ ಪಡೆದ ನಮ್ಮ ರಾಜ್ಯದ ಹೊನ್ನಪ್ಪ, ಬಿ.ಸಿ. ರಮೇಶ್ ಅವರ ಹೆಸರು ಹೇಳಿ ಜನರನ್ನು ಹುರಿದುಂಬಿಸುತ್ತಿದ್ದ. ಕಾಂಪೌಂಡಿನ ಮೇಲೆ, ಟೆಂಪೋ ಮೇಲೆ, ಕಟ್ಟುತ್ತಿದ್ದ ಮನೆಯ ಮಾಳಿಗೆಯ ಮೇಲೆ ಜನ. ಎರಡೂ ಕಡೆ ಅಂಕ ಹತ್ತಿರ ಹತ್ತಿರವೇ ಸಾಗಿ, ಕೊನೆಯ ಐದು ನಿಮಿಷಕ್ಕೆ ಬಂದಾಗ ನಮ್ಮವರು ಎರಡು ಅಂಕ ಹಿಂದಿದ್ದರು. ಅವರ ರೈಡರನ್ನು ಎಡ ಕಾರ್ನರಿನ ಹುಡುಗ ಮತ್ತೆ ಹಿಮ್ಮಡಿಯಲ್ಲೇ ಹಿಡಿದ. ರೈಡರ್ ಬಲಶಾಲಿ, ಅವನನ್ನು ಎಳೆದುಕೊಂಡೇ ನಡುಗೆರೆಯ ಕಡೆ ಹೊರಟ. ಉಳಿದ ಮೂವರು ಮೇಲೆ ಬಿದ್ದರು. ಸೀಟಿ ಆಯಿತು, ಅಂಕವೂ ಬಂತು. ಎಲ್ಲರೂ ಎದ್ದರೂ ಅವನು ಮಾತ್ರ ಏಳಲಿಲ್ಲ. ಎಡ ಭುಜ ಇರಬೇಕಾದ ಜಾಗದಲ್ಲಿ ಇರಲಿಲ್ಲ.

ಆಟೊದಲ್ಲಿ ಆಸ್ಪತ್ರೆಗೆ ಕಳಿಸಿದರು. ಅವನ ಜೊತೆ ಹೊರಟಿದ್ದ ಒಬ್ಬ ಆಟಗಾರನನ್ನು ಅವನೇ, “ಹೋಗೋ, ಮ್ಯಾಚ್ ಮುಗ್ಸು” ಎಂದು ಇಳಿಸಿದ. ಪಂದ್ಯ ಒಂದು ಅಂಕದಲ್ಲಿ ಕೈತಪ್ಪಿತು.

ಭುಜವನ್ನು ಕೂರಿಸಿ, ಮೂರು ವಾರ ಕೈ ಕಟ್ಟಿಕೊಂಡಿರಬೇಕು, ಆಮೇಲೂ ಭಾರದ ಕೆಲಸ ಬೇಡ ಎಂದಿದ್ದಾರೆಂದು ಫೋನು ಬಂದಾಗ ಬಹುಮಾನ ವಿತರಣೆ ಇನ್ನೂ ನಡೆದಿತ್ತು. ಚಿಕ್ಕಪ್ಪ ಕೇಳಿದ ಮೊದಲ ಮಾತು, “ಇಎಸ್‌ಐ ಐತಾ?” ಇತ್ತು, ಆದರೆ ಹಣ ಬರುವಂತಿರಲಿಲ್ಲ. ಕೆಲಸದ ಜಾಗದಲ್ಲಿ ಪೆಟ್ಟಾದರೆ ಇಎಸ್‌ಐ ಕೂಲಿಯ ಶೇ. 90ರಷ್ಟು ಕೊಡುತ್ತದೆ. ಭಾನುವಾರ ಕಬಡ್ಡಿಯಲ್ಲಿ ಭುಜ ಜಾರಿದರೆ ಅದು ಕೆಲಸದ ಗಾಯವಲ್ಲ, ಕಾಯಿಲೆಯ ಲೆಕ್ಕ; ಶೇ. 70, ಅದೂ ವರ್ಷಕ್ಕೆ 91 ದಿನ ಮೀರದಂತೆ. ಆ ಶೇ. 70 ಸಿಗಲು ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಹೊಸದಾಗಿ ಸೇರಿದ ಅವನಿಗೆ ಅಷ್ಟು ದಿನ ತುಂಬಿರಲಿಲ್ಲ. ಆ ರಾತ್ರಿ ಶಾಮಿಯಾನದ ಕೆಳಗೆ ನಿಂತಿದ್ದ ಅರ್ಧಕ್ಕರ್ಧ ಜನಕ್ಕೆ ಈ ಲೆಕ್ಕ ಬಾಯಿಪಾಠವಾಗಿತ್ತು. ಇಂಜಿನಿಯರಿಂಗ್ ಓದಿದ ನನಗೆ ಅದರ ಒಂದಕ್ಷರವೂ ಗೊತ್ತಿರಲಿಲ್ಲ.

ಮೊದಲು ಮೈಕಿನ ಹತ್ತಿರ ಹೋದವನು ಗೆದ್ದ ತಂಡದ ಕ್ಯಾಪ್ಟನ್. ಭಾಷಣವೇನೂ ಇಲ್ಲ. “ನಮ್ ಪ್ರೈಜ್ ದುಡ್ಡಲ್ಲಿ ಐದ್ ಸಾವ್ರ ಆ ಹುಡುಗಂಗೆ” ಎಂದು ಮೈಕನ್ನು ವಾಪಸು ಕೊಟ್ಟ. ಮೊದಲ ಬಹುಮಾನವೇ ₹20,000. ಅದನ್ನು ಹನ್ನೆರಡು ಜನ ಹಂಚಿಕೊಳ್ಳಬೇಕು, ಟೆಂಪೋ ಬಾಡಿಗೆ ಬೇರೆ. ಆಮೇಲೆ ಇಬ್ಬರು ಟವೆಲ್ ಹಿಡಿದು ಜನರ ಮಧ್ಯೆ ಬಂದರು. ಟೀ ಮಾರುವವನು ಹಾಕಿದ, ಅಂಪೈರುಗಳು ಹಾಕಿದರು, ಕಡಲೆಕಾಯಿ ಮಾರುವ ಅಜ್ಜಿ ಹತ್ತರ ನೋಟನ್ನು ನಾಲ್ಕು ಮಡಿಕೆ ಮಾಡಿ ಹಾಕಿದಳು.

ಚಿಕ್ಕಪ್ಪ ಜೇಬಿನಲ್ಲಿದ್ದ ಪುಟ್ಟ ಪುಸ್ತಕ ತೆಗೆದು ಲೆಕ್ಕಕ್ಕೆ ಕೂತರು. ದಿನಕ್ಕೆ ₹320ರಂತೆ ಮೂರು ವಾರಕ್ಕೆ 18 ಹಾಜರಿ, ₹5,760. ಅದನ್ನು ಬರೆದು ಪೆನ್ನು ಮುಚ್ಚಲು ಹೋದವರನ್ನು ಪಕ್ಕದಲ್ಲಿದ್ದ ಫಿಟ್ಟರ್ ಒಬ್ಬರು ತಡೆದರು. “ಇವತ್ತು ಮಧ್ಯಾಹ್ನ ಓಟಿ ಬಿಟ್ ಬಂದವ್ನಲ್ಲ, ಅದ್ನೂ ಸೇರ್ಸಣ್ಣ.” ಚಿಕ್ಕಪ್ಪ ಅವರ ಮುಖ ನೋಡಿ, ತಲೆಯಾಡಿಸಿ, ಆ ಅರ್ಧ ದಿನವನ್ನೂ ಬರೆದರು. ಟವೆಲಿನ ದುಡ್ಡು ಎಣಿಸಿದಾಗ ಬರೆದದ್ದಕ್ಕಿಂತ ಹೆಚ್ಚೇ ಆಗಿತ್ತು. ಕಟ್ಟು ಬಿಚ್ಚಿದ ಮೇಲೆ ಅವನನ್ನು ಪರಿಚಯದ ಶೆಡ್ಡೊಂದರಲ್ಲಿ ಇನ್‌ಸ್ಪೆಕ್ಷನ್ ಕೆಲಸಕ್ಕೆ ಹಾಕಿಸಿದವರೂ ಚಿಕ್ಕಪ್ಪನೇ. ಗೇಜು ಹಿಡಿದು ಕೂತು ನೋಡುವ ಕೆಲಸ, ಭುಜಕ್ಕೆ ಭಾರವಿಲ್ಲ.

ಆ ಅರ್ಧ ದಿನದ ಓಟಿಗೆ ಎಷ್ಟು ದೊಡ್ಡ ಚರಿತ್ರೆ ಇದೆಯೆಂದು ನನಗೆ ತಿಳಿದದ್ದು ಕೆಲವು ವರ್ಷ ಕಳೆದ ಮೇಲೆ. ಚಿಕ್ಕಪ್ಪನ ಮಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನರ್ಸು. ಆಸ್ಪತ್ರೆಯಲ್ಲಿ ಜೊತೆಗೆ ಕೆಲಸ ಮಾಡುವವರೊಬ್ಬರ ಗಂಡ ಆಡುತ್ತಾನೆಂದು ಊರಿನ ಹವ್ಯಾಸಿ ರಗ್ಬಿ ಲೀಗ್ ಪಂದ್ಯಕ್ಕೆ ಹೋಗಿದ್ದವಳು ಅಪ್ಪನಿಗೆ ವಿಡಿಯೊ ಕಳಿಸಿದ್ದಳು. ಒಂದೊಂದು ಕಡೆ ಹದಿಮೂರು ಜನ, ಕೆಸರು, ತಂತಿಬೇಲಿಗೆ ಒರಗಿ ಕೂಗುವ ಮುದುಕರು. ಚೆಂಡು ಹಿಡಿದು ನುಗ್ಗಿದವನನ್ನು ಇಬ್ಬರು ಕೆಡವುತ್ತಾರೆ, ಅವನು ಎದ್ದು ಕಾಲಿನಿಂದ ಚೆಂಡನ್ನು ಹಿಂದಕ್ಕೆ ಉರುಳಿಸುತ್ತಾನೆ, ಮತ್ತೆ ನುಗ್ಗಾಟ. ಆರು ಸಲ ಕೆಡವಿದರೆ ಚೆಂಡು ಎದುರು ತಂಡಕ್ಕೆ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನೋಡಿ, “ನೋಡ್ ಮಗಾ, ತೊಡೆಗೆ ಕೈ ಹಾಕ್ದ. ನಮ್ ಥೈ ಹೋಲ್ಡೇ ಇದು” ಎಂದರು.

ಆ ಆಟ ಹುಟ್ಟಿದ್ದು ಯಾಕೆಂದು ಹುಡುಕಿ ಓದಿದೆ. ಉತ್ತರ ಇಂಗ್ಲೆಂಡಿನ ಗಿರಣಿ, ಕಲ್ಲಿದ್ದಲು ಗಣಿಗಳ ಕಾರ್ಮಿಕರು ಶನಿವಾರವೂ ದುಡಿಯಬೇಕಿತ್ತು. ರಗ್ಬಿ ಆಡಲು ಕೆಲಸ ಬಿಟ್ಟರೆ ಆ ಹೊತ್ತಿನ ಕೂಲಿ ಖೋತಾ. ಕ್ಲಬ್ಬುಗಳು ಆ ಕೂಲಿಯನ್ನು ತುಂಬಿಕೊಡುತ್ತೇವೆಂದರೆ ಲಂಡನ್ನಿನಲ್ಲಿ ಕುಳಿತ ರಗ್ಬಿ ಫುಟ್‌ಬಾಲ್ ಯೂನಿಯನ್ ಒಪ್ಪಲಿಲ್ಲ, ಆಟಕ್ಕೆ ದುಡ್ಡು ಪಡೆಯುವುದು ಹವ್ಯಾಸಿಗೆ ಸಲ್ಲದೆಂಬ ಹಟ ಅವರದ್ದು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸೇರಿದ ಉತ್ತರದ ಕ್ಲಬ್ಬುಗಳು ಬೇರೆಯಾಗಿ, ತಮ್ಮದೇ ಒಕ್ಕೂಟ ಕಟ್ಟಿಕೊಂಡವು. ಕೆಲಸ ತಪ್ಪಿಸಿ ಬಂದ ಆಟಗಾರನಿಗೆ ದಿನಕ್ಕೆ ಆರು ಶಿಲಿಂಗ್ ಎಂದು ಗೊತ್ತುಮಾಡಿದವು. ಹದಿನೈದು ಜನರ ಆಟ 1906ರಲ್ಲಿ ಹದಿಮೂರು ಜನರದ್ದಾಯಿತು. ನಿಯಮ ಬದಲಾದದ್ದು ಆಮೇಲೆ. ಅದಕ್ಕೂ ಹನ್ನೊಂದು ವರ್ಷ ಮೊದಲೇ ಒಂದು ಆಟ ಎರಡಾಗಿ ಹೋದದ್ದು ಅರ್ಧ ದಿನದ ಕೂಲಿಯನ್ನು ಯಾರು ಕೊಡಬೇಕು ಎನ್ನುವುದಕ್ಕೆ. ಓದಿ ಹೇಳಿದಾಗ ಚಿಕ್ಕಪ್ಪ ಸುಮ್ಮನೆ ಕೇಳಿಸಿಕೊಂಡು, “ಆರು ಶಿಲಿಂಗ್ ಅಂದ್ರೆ ಅವಾಗ ಎಷ್ಟು ದಿನದ ಊಟ ಆಗ್ತಿತ್ತು?” ಎಂದು ಕೇಳಿದರು.

ನಮ್ಮಲ್ಲೂ ಇದಕ್ಕೊಂದು ದಾರಿ ಇತ್ತು. ಸರ್ಕಾರಿ ಕಾರ್ಖಾನೆಗಳು, ಬ್ಯಾಂಕುಗಳು, ರೈಲ್ವೆ ಇವೆಲ್ಲ ಆಟಗಾರರಿಗೆ ಕೆಲಸ ಕೊಟ್ಟು, ಪಂದ್ಯಕ್ಕೆ ಹೋದ ದಿನವನ್ನು ಕೆಲಸದ ದಿನವೆಂದೇ ಬರೆದುಕೊಳ್ಳುತ್ತಿದ್ದವು. ಹಳ್ಳಿಯ ಕಬಡ್ಡಿ ಹುಡುಗನಿಗೆ ಬ್ಯಾಂಕಿನ ತಂಡ ಸೇರುವುದೆಂದರೆ ಮನೆಮಂದಿಯೆಲ್ಲ ದಡ ಸೇರಿದ ಹಾಗೆ. ಆ ಬಾಗಿಲು ಕಿರಿದಾಗುತ್ತಾ ಬಂತು. ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆ ಮುಚ್ಚಿತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕು 2019ರಲ್ಲಿ ವಿಲೀನವಾಗಿ ಹೆಸರೇ ಇಲ್ಲವಾದವು. ಇನ್ನೊಂದು ತುದಿಯಲ್ಲಿ ಪ್ರೊ ಕಬಡ್ಡಿಯಿದೆ. ಅಲ್ಲಿಗೆ ಏರಿದವರಿಗೆ ಒಳ್ಳೆಯ ಸಂಪಾದನೆ, ಅದು ಆಗಬೇಕಾದದ್ದೇ. 2019ರ ಜನವರಿಯಲ್ಲಿ ಬುಲ್ಸ್ ಗೆದ್ದು ಬಂದಾಗ ಪೀಣ್ಯದ ಗಲ್ಲಿಗಳಲ್ಲಿ ಪಟಾಕಿ ಹೊಡೆದವರಲ್ಲಿ ನಾನೂ ಇದ್ದೆ. ಆದರೆ ಆ ತುದಿಗೂ ರಾಜಗೋಪಾಲನಗರದ ಮೈದಾನಕ್ಕೂ ನಡುವೆ ಇರುವ ಸಾವಿರಾರು ಹುಡುಗ ಹುಡುಗಿಯರು ದುಡಿಯುವ ಮೈಯನ್ನೇ ಅಂಕಣಕ್ಕೂ ತರಬೇಕು. ಅಲ್ಲಿ ಭುಜ ಜಾರಿದರೆ ಮಷಿನ್ನಿನ ಮುಂದೆ ನಿಲ್ಲಲು ಬೇರೆ ಭುಜವಿಲ್ಲ. ಅವರ ಆಟ ನೋಡಿ ಚಪ್ಪಾಳೆ ಹೊಡೆಯುವ ನಮಗೆ ಈ ಲೆಕ್ಕದಲ್ಲಿ ಪಾಲಿದೆ ಎಂದೇ ನಾನು ನಂಬಿದ್ದೇನೆ.

ಮೈದಾನವಿದ್ದ ಜಾಗದಲ್ಲಿ ಈಗ ಗೋಡೌನು ಎದ್ದಿದೆ, ಪಂದ್ಯಾವಳಿ ಶಾಲೆಯೊಂದರ ಆವರಣಕ್ಕೆ ಹೋಗಿದೆ. ಮಣ್ಣು ಹೋಗಿ ಬಾಡಿಗೆಯ ಮ್ಯಾಟ್ ಬಂದಿದೆ. ಆವತ್ತಿನ ಟವೆಲ್ಲು ಮಾತ್ರ ಒಂದು ಕಟ್ಟಳೆಯಾಗಿ ಉಳಿಯಿತು. ಮರುವರ್ಷದಿಂದಲೇ ಪ್ರತಿ ತಂಡದ ಪ್ರವೇಶ ಶುಲ್ಕದಲ್ಲಿ ₹100 ಬೇರೆ ತೆಗೆದಿಟ್ಟು, ಪೆಟ್ಟಾದವರ ಹಾಜರಿಗೆಂದು ಕೊಡುತ್ತಾರೆ. ಯಾರಿಗೂ ಪೆಟ್ಟಾಗದಿದ್ದರೆ ಅದು ಮುಂದಿನ ವರ್ಷಕ್ಕೆ. ನಿವೃತ್ತರಾದ ಮೇಲೂ ಚಿಕ್ಕಪ್ಪನೇ ಆ ಪುಸ್ತಕ ಇಟ್ಟುಕೊಂಡಿದ್ದಾರೆ.

ಹೋದ ಸಲದ ಸಭೆಗೆ ನಾನೂ ಹೋಗಿದ್ದೆ. ನೂರು ರೂಪಾಯಿ ಸಾಕೋ ಸಾಲದೋ ಎಂದು ಚರ್ಚೆ. ಸಾಲದು ಎಂದು ಎದ್ದವನು ಆ ಶಿರಾದ ಹುಡುಗನೇ. ಈಗ ಅವನು ಇನ್‌ಸ್ಪೆಕ್ಷನ್ ವಿಭಾಗಕ್ಕೆ ಇನ್‌ಚಾರ್ಜ್, ಭಾನುವಾರ ಅಂಪೈರು. ಕೂಲಿ ದರ ಎಷ್ಟು ಏರಿದೆ, ಒಂದು ಎಕ್ಸ್‌ರೇಗೆ ಈಗ ಎಷ್ಟು, ಹುಡುಗಿಯರ ತಂಡಗಳೂ ಸೇರಿರುವುದರಿಂದ ಎಷ್ಟು ಆಟಗಾರರ ಪಾಲು ಇದರಲ್ಲಿದೆ ಎಂದು ಒಂದೊಂದಾಗಿ ಹೇಳಿದ. ಸಣ್ಣ ತಂಡಗಳಿಗೆ ಹೊರೆಯಾಗುತ್ತದೆ ಎಂದು ಕೆಲವರು ಒಪ್ಪಲಿಲ್ಲ. ಕೊನೆಗೆ ಶುಲ್ಕ ಹಾಗೇ ಇರಲಿ, ಫ್ಲೆಕ್ಸಿನ ಖರ್ಚು ಕಡಿಮೆ ಮಾಡಿ ಆ ದುಡ್ಡನ್ನು ಇದಕ್ಕೆ ಹಾಕೋಣ ಎಂದು ತೀರ್ಮಾನವಾಯಿತು. ಚಿಕ್ಕಪ್ಪ ಬರೆದುಕೊಂಡು, ಎಲ್ಲರ ಸಹಿ ಹಾಕಿಸಿ, ಮುಂದಿನ ವಿಷಯ ತೂಕದ ಯಂತ್ರದ್ದು ಎಂದರು.